ಹೊಸ ಕಂಪ್ಯೂಟರ್, ಮೂರು ಎಡಿಟಿಂಗ್ ತಂತ್ರಾಂಶ: ನಾನು ಕೆಡೆನ್‌ಲೈವ್‌ಗೇ ಮರಳಿದ್ದು ಏಕೆ

ನನ್ನ ಒಲವು ಕೆಡೆನ್‌ಲೈವ್ ಎಂಬ ಉಚಿತ ವಿಡಿಯೊ ಎಡಿಟಿಂಗ್ ತಂತ್ರಾಂಶದ ಕಡೆಗೆ ಎಂದು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಹೊಗಳುವ ಬಾಡಿಗೆಯ ತಂತ್ರಾಂಶವೊಂದಕ್ಕೆ ವರ್ಷದ ಕರಾರು ಮಾಡಿಕೊಂಡು ಕೈ ಸುಟ್ಟುಕೊಂಡವನು ಬರೆಯುತ್ತಿರುವ ಹೋಲಿಕೆ ಇದು. ಇದರಲ್ಲಿ ನ್ಯಾಯಾಧೀಶನ ತಕ್ಕಡಿಯನ್ನು ಹುಡುಕಬೇಡಿ. ಬಾಡಿಗೆಯದರ ಹೆಸರನ್ನು ಮಾತ್ರ ಹೇಳುವುದಿಲ್ಲ. ನಾನು ಅದಕ್ಕೆ ಹಾಕಿದ ಶಾಪದಲ್ಲಿ ಅರ್ಧದಷ್ಟು ಬೇರೆಯವರಿಗೆ ಸಲ್ಲಬೇಕಾದದ್ದು ಎಂದು ಆಮೇಲೆ ಗೊತ್ತಾಯಿತು.

ಹೊನ್ನಾವರದ ಸುತ್ತಮುತ್ತ ಮದುವೆ, ಉಪನಯನ, ಶಾಲಾ ವಾರ್ಷಿಕೋತ್ಸವಗಳ ವಿಡಿಯೊ ಮಾಡುವುದು ನನ್ನ ಕೆಲಸ. ಮಳೆಗಾಲ ಮುಗಿದರೆ ಯಕ್ಷಗಾನ. ಒಂದು ರಾತ್ರಿಯ ಆಟವೆಂದರೆ ಎರಡು ಕ್ಯಾಮೆರಾ, ಹಿಮ್ಮೇಳದ ಪಕ್ಕಕ್ಕೆ ಒಂದು ಫೋನ್, ಧ್ವನಿಗೆ ಪ್ರತ್ಯೇಕ ರೆಕಾರ್ಡರ್. ಹಳೆಯ ಕಂಪ್ಯೂಟರ್ ಒಂಬತ್ತು ವರ್ಷ ದುಡಿದು ದಣಿದಿತ್ತು. ಕಳೆದ ವರ್ಷ ಹೊಸದನ್ನು ಅಂಗಡಿಯವರಿಂದ ಜೋಡಿಸಿಕೊಂಡೆ: 32 ಜಿಬಿ ಡಿಡಿಆರ್5 ಮೆಮೊರಿ, 8 ಜಿಬಿಯ ಗ್ರಾಫಿಕ್ಸ್ ಕಾರ್ಡ್. ಇಷ್ಟು ಖರ್ಚು ಮಾಡಿ ಮತ್ತೆ ಪುಕ್ಕಟೆ ತಂತ್ರಾಂಶವೇ ಎಂಬ ಹಮ್ಮು ಬಂತು. ಹಾಗಾಗಿ ಆ ಬಾಡಿಗೆ.

ಮೊದಲ ವಾರದಲ್ಲೇ ಶುರುವಾಯಿತು. ಮದುವೆಯ ವಿಡಿಯೊ ಎಕ್ಸ್‌ಪೋರ್ಟ್‌ಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊವಾಗಿ ಹೊರತೆಗೆಯಲು) ಹಾಕಿ ಊಟಕ್ಕೆ ಹೋಗಿ ಬಂದರೆ ಪರದೆಯ ಮೇಲೆ ವಾಲ್‌ಪೇಪರ್ ಮಾತ್ರ. ತಪ್ಪಾಯಿತು ಎಂಬ ಸಂದೇಶವಿಲ್ಲ, ಕಿಟಕಿಯೇ ಇಲ್ಲ. ಇನ್ನೊಮ್ಮೆ ಹಾಕಿ ಎದುರೇ ಕುಳಿತೆ. ಶೇಕಡ 63ರಲ್ಲಿ ಮಾಯವಾಯಿತು. ಮುಂದಿನ ಸಲ 41ರಲ್ಲಿ. ಅಂಗಡಿಯವರಿಗೆ ಫೋನ್ ಮಾಡಿದರೆ, “ಸರ್, ನಮ್ಮ ಸಿಸ್ಟಮ್ ಚೆನ್ನಾಗಿದೆ, ಸಾಫ್ಟ್‌ವೇರ್ ತೊಂದರೆ” ಎಂದರು. ತಂತ್ರಾಂಶದವರನ್ನು ಕೇಳಿದರೆ ಗ್ರಾಫಿಕ್ಸ್ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ನವೀಕರಿಸಿ ಎಂದರು. ಎನ್‌ವಿಡಿಯಾ ಕಾರ್ಡ್‌ಗೆ ಕಂಪ್ಯೂಟರ್ ಆಟ ಆಡುವವರಿಗೊಂದು, ಎಡಿಟಿಂಗ್ ಮಾಡುವವರಿಗೆ ‘ಸ್ಟುಡಿಯೊ’ ಎಂದು ಇನ್ನೊಂದು ಡ್ರೈವರ್ ಇರುತ್ತದೆ. ಸ್ಟುಡಿಯೊ ಹಾಕಿದೆ. ವಿಂಡೋಸನ್ನೇ ಅಳಿಸಿ ಮತ್ತೆ ಹಾಕಿದೆ. ದಿನಕ್ಕೆ ಆರೇಳು ಸಲ ಬೀಳುವುದು ತಪ್ಪಲಿಲ್ಲ. ಗಿರಾಕಿಯ ಮನೆಯಲ್ಲಿ ಆ ಹೊತ್ತಿಗೆ ಸೊಸೆ ತವರಿಗೆ ಹೋಗಿ ಬಂದಾಗಿತ್ತು, ಮದುವೆಯ ವಿಡಿಯೊ ಮಾತ್ರ ಬಂದಿರಲಿಲ್ಲ.

ಸುಳಿವು ಕೊಟ್ಟವನು ಬೆಂಗಳೂರಿನಲ್ಲಿರುವ ಅಕ್ಕನ ಮಗ. “ಮಾವ, ವಿಂಡೋಸ್‌ನಲ್ಲಿ ರಿಲಯಬಿಲಿಟಿ ಮಾನಿಟರ್ ಎಂದು ಹುಡುಕಿ ತೆರೆಯಿರಿ. ಕೆಂಪು ಗುರುತುಗಳನ್ನು ಒಂದೊಂದಾಗಿ ಒತ್ತಿ, ಬಿದ್ದದ್ದು ಯಾವ ಮಾಡ್ಯೂಲ್‌ನಲ್ಲಿ, ಅಂದರೆ ಯಾವ ಕಡತದಲ್ಲಿ ಎಂದು ಬರೆದುಕೊಳ್ಳಿ” ಎಂದ. ಬಿಲ್ ಪುಸ್ತಕದ ಹಿಂಬದಿಯಲ್ಲಿ ಹನ್ನೊಂದು ಸಾಲು ಬರೆದೆ. ಒಮ್ಮೆ ಗ್ರಾಫಿಕ್ಸ್ ಡ್ರೈವರಿನ ಕಡತ, ಒಮ್ಮೆ ವಿಂಡೋಸ್‌ನದ್ದೇ ಕಡತ, ಒಮ್ಮೆ ಧ್ವನಿಯ ಪ್ಲಗಿನ್ (ಸೇರಿಸಿಕೊಂಡ ಕಿರುತಂತ್ರಾಂಶ), ನಡುವೆ ಒಮ್ಮೆ ಬ್ರೌಸರ್ ಕೂಡ ಬಿದ್ದಿತ್ತು. ಪಟ್ಟಿ ನೋಡಿ ಅವನು ನಕ್ಕ. ಪ್ರತಿ ಸಲವೂ ಅದೇ ಕಡತದ ಹೆಸರು ಬಂದರೆ ಆ ಡ್ರೈವರನ್ನೋ ಪ್ಲಗಿನನ್ನೋ ಹಿಡಿಯಬೇಕಂತೆ. ಪ್ರತಿ ಸಲ ಬೇರೆ ಬೇರೆ ಹೆಸರು ಬಂದರೆ ಮೊದಲು ಮೆಮೊರಿಯನ್ನು ಅನುಮಾನಿಸಬೇಕಂತೆ.

ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಎಂಬುದನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರುಮಾಡಿ, ರಾತ್ರಿಯಿಡೀ ಓಡಲು ಬಿಟ್ಟು ಮಲಗಿದೆ. ಉಚಿತ ಆವೃತ್ತಿ ನಾಲ್ಕು ಸುತ್ತು ಪರೀಕ್ಷಿಸುತ್ತದೆ. ಬೆಳಿಗ್ಗೆ ಚಹಾದ ಲೋಟ ಹಿಡಿದು ಬಂದು ನೋಡಿದರೆ ಪರದೆಯ ತುಂಬ ಕೆಂಪು ಸಾಲುಗಳು. ಎರಡನೆಯ ಸುತ್ತಿನಿಂದಲೇ ತಪ್ಪುಗಳು ಸಿಕ್ಕಿದ್ದವು.

ಕಾರಣ ಸರಳವಾಗಿತ್ತು. ಮೆಮೊರಿ ಪಟ್ಟಿಗಳ ಮೇಲೆ 6000 ಎಂದು ದೊಡ್ಡದಾಗಿ ಬರೆದಿತ್ತು. ಆ ವೇಗ ತಾನಾಗಿ ಬರುವುದಿಲ್ಲ. ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್) ಎಕ್ಸ್‌ಎಂಪಿ ಎಂಬುದನ್ನು ಆನ್ ಮಾಡಿದರೆ ಮಾತ್ರ ಬರುತ್ತದೆ. ಎಎಂಡಿ ಪ್ರೊಸೆಸರಿನ ಬೋರ್ಡುಗಳಲ್ಲಿ ಅಂಥದ್ದಕ್ಕೆ ಎಕ್ಸ್‌ಪೊ ಎಂಬ ಹೆಸರು. ನನಗೆ ಒಳ್ಳೆಯದಾಗಲಿ ಎಂದೇ ಅಂಗಡಿಯವರು ಆನ್ ಮಾಡಿ ಕಳಿಸಿದ್ದರು. ನನಗೆ ಸಿಕ್ಕ ಪಟ್ಟಿಗಳು ಆ ವೇಗವನ್ನು ತಾಳುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಪತ್ರಿಕೆ ಓದುವಾಗ ಮೆಮೊರಿಯಲ್ಲಿ ಎಲ್ಲೋ ಒಂದು ಅಂಕಿ ತಪ್ಪಿದರೆ ಯಾರಿಗೂ ತಿಳಿಯುವುದಿಲ್ಲ. ಎಕ್ಸ್‌ಪೋರ್ಟ್ ಆದರೆ ಗಂಟೆಗಟ್ಟಲೆ ಮೆಮೊರಿಯನ್ನು ತುಂಬಿ, ಖಾಲಿ ಮಾಡಿ, ಮತ್ತೆ ತುಂಬುತ್ತಲೇ ಇರುತ್ತದೆ. ಕಳ್ಳ ಸಿಕ್ಕಿಬೀಳುವುದು ಅಲ್ಲಿಯೇ. ಎಕ್ಸ್‌ಎಂಪಿ ಆಫ್ ಮಾಡಿದೆ, ವೇಗ 4800ಕ್ಕೆ ಇಳಿಯಿತು, ಮರುದಿನದ ಪರೀಕ್ಷೆಯಲ್ಲಿ ಒಂದೂ ಕೆಂಪು ಸಾಲಿಲ್ಲ. ಹನ್ನೊಂದು ನಿಮಿಷದ ಒಂದು ತುಣುಕಿನ ಎಕ್ಸ್‌ಪೋರ್ಟ್‌ಗೆ ಇಪ್ಪತ್ತು ಸೆಕೆಂಡು ಹೆಚ್ಚು ಹಿಡಿಯಿತು, ಅಷ್ಟೇ ನಷ್ಟ. ವಾದ ಮಾಡಿದ ಮೇಲೆ ಅಂಗಡಿಯವರು ಪಟ್ಟಿಗಳನ್ನು ಬದಲಾಯಿಸಿಕೊಟ್ಟರು. ಹೊಸವು 6000ರಲ್ಲೂ ಸರಿಯಾಗಿ ಓಡುತ್ತವೆ. ಆದರೂ ನಾನು ಆಫ್ ಮಾಡಿಯೇ ಇಟ್ಟಿದ್ದೇನೆ.

ಇಲ್ಲಿಂದ ಮುಂದಿನದು ಬಾಡಿಗೆಯದು, ಕೆಡೆನ್‌ಲೈವ್, ಡಾವಿಂಚಿ ರಿಸಾಲ್ವ್ ಈ ಮೂರೂ ತಂತ್ರಾಂಶಗಳನ್ನು ಗುಣವಾದ ಯಂತ್ರದ ಮೇಲೆ, ಯಕ್ಷಗಾನದ ವಿಡಿಯೊದೊಂದಿಗೆ ನೋಡಿದ ಮಾತು.

ಬಾಡಿಗೆಯದು ಮೆಮೊರಿ ಸರಿಯಾದ ಮೇಲೆ ಎಕ್ಸ್‌ಪೋರ್ಟ್‌ನಲ್ಲಿ ಬೀಳುವುದನ್ನು ನಿಲ್ಲಿಸಿತು. ಆದರೆ ಫೋನಿನ ಕ್ಲಿಪ್ ಇದ್ದ ಜಾಗದಲ್ಲಿ ಟೈಮ್‌ಲೈನನ್ನು (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಜಾಗ) ಹಿಂದೆ ಮುಂದೆ ಎಳೆದಾಡಿದರೆ ದಿನಕ್ಕೊಮ್ಮೆಯಾದರೂ ಕುಸಿಯುತ್ತಿತ್ತು. ಅದಕ್ಕಿಂತ ದೊಡ್ಡ ಕಿರಿಕಿರಿ ಚೆಂಡೆಯದು. ಫೋನಿನ ನಲವತ್ತು ನಿಮಿಷದ ಕ್ಲಿಪ್. ಆರಂಭದಲ್ಲಿ ಕೋಲು ಬೀಳುವುದಕ್ಕೂ ಸದ್ದಿಗೂ ಸರಿಯಾದ ಹೊಂದಿಕೆ. ಹದಿನೈದನೆಯ ನಿಮಿಷಕ್ಕೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಕೊನೆಗೆ ಬಂದಾಗ ಕೋಲು ಮೇಲೆದ್ದಾಗ ಪೆಟ್ಟು ಕೇಳುತ್ತದೆ. ಮದುವೆಯ ವಿಡಿಯೊದಲ್ಲಾದರೆ ಯಾರೂ ಗಮನಿಸುವುದಿಲ್ಲ. ಭಟ್ಟರ ಬಾಯಿ ಒಂದಿಷ್ಟು ಹಿಂದೆ ಮುಂದೆ ಆದರೂ ಮಂತ್ರ ಮಂತ್ರವೇ. ಚೆಂಡೆಯಲ್ಲಿ ಮುಚ್ಚಿಡಲು ಆಗುವುದಿಲ್ಲ. ನೋಡುವವರಲ್ಲಿ ಅರ್ಧದಷ್ಟು ಜನ ತೊಡೆಯ ಮೇಲೆ ತಾಳ ಹಾಕುತ್ತ ನೋಡುವವರು.

ಈ ದೋಷ ಮೂಲದಲ್ಲಿ ಫೋನಿನದು. ಸೆಕೆಂಡಿಗೆ 30 ಚೌಕಟ್ಟು (ಫ್ರೇಮ್) ಎಂದು ಹೇಳಿಕೊಂಡರೂ ಫೋನ್ ಅದನ್ನು ಪಾಲಿಸುವುದಿಲ್ಲ. ರಂಗದ ಬೆಳಕು ಕುಗ್ಗಿದರೆ ಚೌಕಟ್ಟು ಕಡಿಮೆ ಮಾಡುತ್ತದೆ, ಬೆಳಕು ಏರಿದರೆ ಹೆಚ್ಚಿಸುತ್ತದೆ. ಇದಕ್ಕೆ ವೇರಿಯಬಲ್ ಫ್ರೇಮ್‌ರೇಟ್ ಎನ್ನುತ್ತಾರೆ. ಎಡಿಟಿಂಗ್ ತಂತ್ರಾಂಶವಾದರೋ ಸಮನಾದ ಗೆರೆಗಳಿರುವ ಅಳತೆಪಟ್ಟಿ ಹಿಡಿದು ಕುಳಿತಿರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಕ್ಲಿಪ್ ಹಾಕಿ, ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಪರಿವರ್ತಿಸಿಕೊಂಡರೆ ಚೆಂಡೆಯೂ ಸರಿಹೋಗುತ್ತದೆ. ನನ್ನಲ್ಲಿ ಆ ದಿನನಿತ್ಯದ ಕುಸಿತವೂ ಅಲ್ಲಿಗೇ ನಿಂತಿತು. ಆದರೆ ಹಾಗೆ ಮಾಡಬೇಕು ಎಂದು ಬಾಡಿಗೆಯದು ನನಗೆ ಒಂದು ಸಾಲಿನಲ್ಲಿಯೂ ಹೇಳಲಿಲ್ಲ. ಅದೇ ಕ್ಲಿಪ್ಪನ್ನು ಕೆಡೆನ್‌ಲೈವ್‌ಗೆ ಎಳೆದು ಹಾಕಿದಾಗ, ಇದರ ಫ್ರೇಮ್‌ರೇಟ್ ಏರಿಳಿಯುತ್ತದೆ, ಎಡಿಟಿಂಗ್‌ಗೆ ಒಗ್ಗುವ ರೂಪಕ್ಕೆ ಪರಿವರ್ತಿಸಲೇ ಎಂದು ತಾನೇ ಕೇಳಿತು. ಹೂಂ ಎಂದೆ. ಕಡತ ನಾಲ್ಕೈದು ಪಟ್ಟು ದೊಡ್ಡದಾಯಿತು, ಹಾರ್ಡ್‌ಡಿಸ್ಕ್ ಗೊಣಗಿತು, ಕೋಲೂ ಪೆಟ್ಟೂ ಕೊನೆಯವರೆಗೆ ಜೊತೆಯಲ್ಲೇ ನಡೆದವು.

ಅಕ್ಷರದ ವಿಷಯಕ್ಕೆ ಬಂದರೆ, ಬಾಡಿಗೆಯದರಲ್ಲಿ ಶೀರ್ಷಿಕೆಗೆ ‘ಸ್ತ್ರೀವೇಷ’ ಎಂದು ಹಾಕಿದರೆ ‘ಸ್‌ತ್‌ರೀವೇಷ’ ಎಂದು ಮೂಡುತ್ತಿತ್ತು. ಸೆಟ್ಟಿಂಗ್‌ನೊಳಗೆ ಮೂರು ಮಹಡಿ ಇಳಿದು ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆಯನ್ನು ಒತ್ತಿ, ಮುಚ್ಚಿ ತೆರೆದ ಮೇಲೆ ಒತ್ತಕ್ಷರ ಕೂಡಿಕೊಂಡಿತು. ಕೆಡೆನ್‌ಲೈವ್‌ನಲ್ಲಿ ನುಡಿಯ ಯೂನಿಕೋಡ್ ಕೀಲಿಯಿಂದ ಟೈಪ್ ಮಾಡಿದ್ದು ಟೈಪ್ ಮಾಡಿದ ಹಾಗೆಯೇ ಬಂತು.

ಡಾವಿಂಚಿ ರಿಸಾಲ್ವ್ ಬಗ್ಗೆ ಗೌರವವಿದೆ. ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿಯದು, ಉಚಿತ ಆವೃತ್ತಿಯಲ್ಲೂ ಬಣ್ಣ ತಿದ್ದುವ ಕೆಲಸದಲ್ಲಿ ಅದರ ಎದುರು ಕೆಡೆನ್‌ಲೈವ್ ನಿಲ್ಲುವುದಿಲ್ಲ. ಬಡಗುತಿಟ್ಟಿನ ಮುಂಡಾಸಿನ ಕೆಂಪು ಅದರಲ್ಲಿ ಕಂಡಷ್ಟು ಚೆನ್ನಾಗಿ ನನಗೆ ಬೇರೆಲ್ಲೂ ಕಂಡಿಲ್ಲ. ಆದರೆ ರಾತ್ರಿಯ ಆಟದ ಚಿತ್ರಗಳಲ್ಲಿ ಕಾಳುಕಾಳು ಹೆಚ್ಚು. ಅದನ್ನು ತೊಳೆಯುವ ನಾಯ್ಸ್ ರಿಡಕ್ಷನ್ ಇರುವುದು ದುಡ್ಡು ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಯಲ್ಲಿ. ಒಂದೇ ಸಲ ಕೊಟ್ಟು ಕೊಳ್ಳುವುದು, ಬಾಡಿಗೆಯ ಜಂಜಾಟವಿಲ್ಲ. ಎಂದಾದರೂ ಕೊಂಡರೆ ಅದನ್ನೇ ಕೊಳ್ಳುತ್ತೇನೆ. ಸದ್ಯ ನನಗೆ ಒಗ್ಗದಿರುವುದು ಅದರ ಮನೆಗೆಲಸದ ರೀತಿ. ಕೆಲಸವನ್ನು ಅದು ನಾನು ಹೇಳಿದ ಫೋಲ್ಡರಿನಲ್ಲಿ ಒಂದು ಕಡತವಾಗಿ ಇಡುವುದಿಲ್ಲ, ತನ್ನದೇ ಡೇಟಾಬೇಸ್‌ನಲ್ಲಿ ಇಡುತ್ತದೆ. ಇನ್ನೊಂದು ಕಂಪ್ಯೂಟರಿಗೆ ಒಯ್ಯಬೇಕಾದರೆ ಮೊದಲು ಹೊರತೆಗೆಯಬೇಕು. ಒಂದು ಮದುವೆಗೆ ಒಂದು ಫೋಲ್ಡರ್, ಸಂಜೆ ಅದರ ನಕಲು ಹೊರಗಿನ ಹಾರ್ಡ್‌ಡಿಸ್ಕ್‌ಗೆ, ಇಷ್ಟೇ ಕಲಿತಿರುವ ನನ್ನಂಥವನಿಗೆ ಅದು ಬೇರೆಯವರ ಕಪಾಟಿನಲ್ಲಿ ನನ್ನ ಬಟ್ಟೆ ಇಟ್ಟ ಹಾಗೆ. ಜೊತೆಗೆ ಅದು ಹೆಚ್ಚಿನ ಭಾರವನ್ನು ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೇರುತ್ತದೆ. 4 ಜಿಬಿ ಕಾರ್ಡ್ ಇರುವವರು 4ಕೆ ಎಡಿಟಿಂಗ್ ಮಾಡುವ ಮೊದಲು ಯೋಚಿಸಬೇಕು.

ಶಾಟ್‌ಕಟ್ ಎಂಬ ಇನ್ನೊಂದು ಉಚಿತ ತಂತ್ರಾಂಶವನ್ನೂ ಒಂದು ಸಂಜೆ ನೋಡಿದೆ. ಹಗುರ, ಒಳ್ಳೆಯದು. ಒಳಗಿನ ಯಂತ್ರ ಕೆಡೆನ್‌ಲೈವ್‌ನದ್ದೇ. ಎಂಎಲ್‌ಟಿ ಎಂದು ಅದರ ಹೆಸರು. ನನಗೆ ಕೈ ಕೂರಲಿಲ್ಲ.

ನನ್ನ ತೀರ್ಮಾನವನ್ನು ಗಟ್ಟಿ ಮಾಡಿದ್ದು ಒಂದು ಸಂಜೆಯ ಕರೆಂಟು. ಯುಪಿಎಸ್ ಬ್ಯಾಟರಿ ಸತ್ತಿದ್ದು ಗೊತ್ತಿರಲಿಲ್ಲ. ಒಡ್ಡೋಲಗದ ಮೂರು ಕ್ಯಾಮೆರಾಗಳ ಕತ್ತರಿಸುವಿಕೆ ಅರ್ಧ ಮುಗಿದಿತ್ತು, ಒಂದೂವರೆ ಗಂಟೆಯಿಂದ ಸೇವ್ ಒತ್ತಿರಲಿಲ್ಲ. ಗಾಳಿಗೆ ಎಲ್ಲೋ ಕೊಂಬೆ ಬಿದ್ದು ಎಲ್ಲ ಕತ್ತಲೆಯಾಯಿತು. ಕರೆಂಟು ಬಂದ ಮೇಲೆ ಕೆಡೆನ್‌ಲೈವ್ ತೆರೆದೆ. ತಾನೇ ಉಳಿಸಿಟ್ಟುಕೊಂಡದ್ದು ಇದೆ, ಅದನ್ನು ತರಲೇ ಎಂದು ಕೇಳಿತು. ಕಳೆದುಕೊಂಡದ್ದು ಎರಡು ಕತ್ತರಿ, ಒಂದು ಫೇಡ್. ಇದರ ಪ್ರಾಜೆಕ್ಟ್ ಕಡತವೂ ಬರೀ ಎಕ್ಸ್‌ಎಂಎಲ್ ಪಠ್ಯ. ಹಿಂದೊಮ್ಮೆ ಹಾರ್ಡ್‌ಡಿಸ್ಕ್‌ನ ಅಕ್ಷರ ‘ಇ’ ಇದ್ದದ್ದು ‘ಎಫ್’ ಆದಾಗ ನೋಟ್‌ಪ್ಯಾಡಿನಲ್ಲೇ ತೆರೆದು ದಾರಿಗಳನ್ನೆಲ್ಲ ಒಟ್ಟಿಗೆ ಬದಲಾಯಿಸಿದ್ದೆ. ಬಾಡಿಗೆಯದೂ ಹದಿನೈದು ನಿಮಿಷಕ್ಕೊಮ್ಮೆ ಉಳಿಸುತ್ತಿತ್ತು ನಿಜ. ಆದರೆ ಬಿದ್ದ ಮೇಲೆ ಆ ನಕಲುಗಳನ್ನು ಬೇರೊಂದು ಫೋಲ್ಡರಿನಲ್ಲಿ ನಾನೇ ಹುಡುಕಿ, ಹೊತ್ತು ನೋಡಿ, ಯಾವುದು ಹೊಸದು ಎಂದು ಊಹಿಸಬೇಕಿತ್ತು.

ಕೆಡೆನ್‌ಲೈವ್‌ಗೆ ನಿಧಾನದ ಸ್ವಭಾವವಿದೆ. ಅದರ ಎಫೆಕ್ಟ್‌ಗಳ ಭಾರ ಹೆಚ್ಚಾಗಿ ಪ್ರೊಸೆಸರಿನ ಮೇಲೆಯೇ ಬೀಳುತ್ತದೆ. ನಾಲ್ಕು ಪದರ ಹಾಕಿದರೆ ಮುನ್ನೋಟ ಕುಂಟುತ್ತದೆ. ಪ್ರಾಕ್ಸಿ ಆನ್ ಮಾಡಿಕೊಂಡರೆ ಸಣ್ಣ ನಕಲುಗಳ ಮೇಲೆ ಕೆಲಸ ನಡೆಯುತ್ತದೆ, ಕೊನೆಯ ರೆಂಡರ್ ಮೂಲ ಕ್ಲಿಪ್‌ನಿಂದಲೇ ಆಗುತ್ತದೆ. ಮಿಂಚು, ಗುಡುಗು, ಹಾರುವ ಅಕ್ಷರಗಳ ಮದುವೆ ಆಮಂತ್ರಣ ಮಾಡುವವರಿಗೆ ಇದು ಸಾಲದು. ನನ್ನ ಗಿರಾಕಿಗಳಿಗೆ ಭಾಗವತರ ಸ್ವರ ಕೇಳಿಸಬೇಕು, ವೇಷ ಕಾಣಿಸಬೇಕು. ಒಂದು ವರ್ಷದ ಬಾಡಿಗೆಯಲ್ಲಿ ಒಳ್ಳೆಯ ಟ್ರೈಪಾಡ್ ಬರುತ್ತದೆ ಎಂಬ ಲೆಕ್ಕವನ್ನು ಮನೆಯಲ್ಲಿ ಆಗಾಗ ನೆನಪಿಸುತ್ತಾರೆ.

ಕರಾರು ನಡುವೆ ಮುರಿದರೆ ದಂಡ, ಆದ್ದರಿಂದ ಇನ್ನೂ ಮೂರು ತಿಂಗಳು ಬಾಡಿಗೆ ಕಟ್ಟಬೇಕು. ಅಲ್ಲಿಯವರೆಗೆ ಅದರಲ್ಲಿ ಮಾಡಿಟ್ಟ ಹಳೆಯ ಪ್ರಾಜೆಕ್ಟ್‌ಗಳನ್ನು ಒಂದೊಂದಾಗಿ ತೆರೆದು ಪೂರ್ತಿ ವಿಡಿಯೊವಾಗಿ ಹೊರತೆಗೆದು ಇಡುತ್ತಿದ್ದೇನೆ. ಹದಿನಾಲ್ಕು ಆಗಿವೆ, ಇಪ್ಪತ್ತೊಂದು ಬಾಕಿ.