ಸಾಮಂತ ಮುನಿಸ್ಕೊಂಡ್ರೆ ಮೈನಸ್ 40: ಕ್ರುಸೇಡರ್ ಕಿಂಗ್ಸ್ 3 ಆಡಿ ಬರ್ದಿದ್ದು

ಮೂರು ವಾರದಿಂದ ರಾತ್ರಿ ಊಟ ಆದ್ಮೇಲೆ ಕಲ್ಯಾಣದ ಚಾಲುಕ್ಯರ ರಾಜ್ಯ ನೋಡ್ಕೋತಾ ಇದೀನಿ, ಹನ್ನೊಂದಕ್ಕೆ ಕೂತ್ರೆ ಏಳೋದು ಎರಡಕ್ಕೆ, ಮನೇಲಿ ಬೈದೂ ಬೈದೂ ಸುಮ್ಮನಾಗಿದಾರೆ. ರಾಜನಾಗಿ ರಾಜ್ಯ ನಡೆಸೋ ಈ ಕಂಪ್ಯೂಟರ್ ಗೇಮ್ ಹೆಸರು ಕ್ರುಸೇಡರ್ ಕಿಂಗ್ಸ್ 3, ಸ್ವೀಡನ್ನಿನ ಪ್ಯಾರಡಾಕ್ಸ್‌ನೋರು 2020ರ ಸೆಪ್ಟೆಂಬರ್‌ನಲ್ಲಿ ಬಿಟ್ಟಿದ್ದು. ಹೆಸರು ನೋಡಿ ಇದ್ಯಾವುದೋ ಯುರೋಪ್‌ನೋರ ಧರ್ಮಯುದ್ಧದ ಗೇಮು ನಮಗ್ಯಾಕೆ ಅಂತ ವರ್ಷಗಟ್ಲೆ ಮುಟ್ಟಿರ್ಲಿಲ್ಲ, ಒಂದಿನ ಸೇಲಲ್ಲಿ ತಗೊಂಡು ಮ್ಯಾಪ್ ಜರುಗಿಸ್ತಾ ಹೋದ್ರೆ ನಮ್ಮ ಕಡೆನೂ ಇದೆ, ಸಂಸ್ಕೃತಿ ಅನ್ನೋ ಜಾಗದಲ್ಲಿ ಕನ್ನಡ ಅಂತ ಬೇರೆ ಇದೆ! ಆವತ್ತಿಂದ ಹೋಯ್ತು ನಿದ್ದೆ.

ಸೈನ್ಯ ಕಟ್ಟಿ ಊರು ಹಿಡಿಯೋ ಗೇಮ್ ಬೇಕು ಅನ್ನೋರು ಬೇರೆ ಏನಾದ್ರೂ ನೋಡ್ಕೊಳಿ, ಇದರಲ್ಲಿ ಯುದ್ಧ ಸಪ್ಪೆ. ಮಜಾ ಇರೋದು ಜನ್ರಲ್ಲಿ. ಸಾವಿರಾರು ಜನ ಇದಾರೆ, ಒಬ್ಬೊಬ್ಬರಿಗೂ ಒಂದೊಂದು ಸ್ವಭಾವ, ಒಬ್ಬ ಜಿಪುಣ, ಒಬ್ಬನಿಗೆ ಮಹತ್ವಾಕಾಂಕ್ಷೆ, ಇನ್ನೊಬ್ಬ ಪುಕ್ಕಲ, ಮತ್ತೆ ಪ್ರತಿಯೊಬ್ಬನಿಗೂ ನಿಮ್ಮ ಮೇಲೆ ಮೈನಸ್ 100ರಿಂದ ಪ್ಲಸ್ 100ರ ತನಕ ಒಂದು ಅಭಿಪ್ರಾಯ. ನಂಬರ್ ಮೇಲೆ ಮೌಸ್ ಇಟ್ರೆ ಯಾಕೆ ಅಂತ ಪೂರ್ತಿ ಲೆಕ್ಕ ಬಿಚ್ಚಿ ತೋರಿಸುತ್ತೆ. ಉಡುಗೊರೆ ಕೊಟ್ಟಿದ್ದಕ್ಕೆ ಇಷ್ಟು, ಧರ್ಮ ಬೇರೆ ಅಂತ ಇಷ್ಟು ಕಟ್. ದೊಡ್ಡ ಸಾಮಂತನಿಗೆ ನಿಮ್ಮ ಮಂತ್ರಿಮಂಡಲದಲ್ಲಿ ಜಾಗ ಕೊಟ್ಟಿಲ್ಲ ಅಂದ್ರೆ ನೇರ ಮೈನಸ್ 40. ಇದನ್ನ ನೋಡಿ ನಗು ಬಂತು ನಂಗೆ, ನಮ್ಮ ಮನೆ ಮದುವೇಲಿ ಲಗ್ನಪತ್ರಿಕೆಯಲ್ಲಿ ಹೆಸರು ಕೆಳಗೆ ಹೋಯ್ತು ಅಂತ ನಮ್ಮ ದೊಡ್ಡಪ್ಪ ಊಟಕ್ಕೆ ಕೂರದೆ ಹೋಗಿದ್ರು, ಅವರದ್ದೂ ಸರಿಯಾಗಿ ಮೈನಸ್ 40ನೇ ಇರಬೇಕು.

ಈ ಒಬ್ಬೊಬ್ಬರ ಮುನಿಸು ಸೇರ್ಕೊಂಡು ಗುಂಪಾಗುತ್ತೆ ನೋಡಿ, ಅಲ್ಲಿದೆ ಗೇಮು. ಅದಕ್ಕೆ ಫ್ಯಾಕ್ಷನ್ ಅಂತಾರೆ. ಒಂದು ಗುಂಪಿಗೆ ಸ್ವತಂತ್ರ ಆಗ್ಬೇಕು, ಇನ್ನೊಂದಕ್ಕೆ ನಿಮ್ಮನ್ನ ಇಳಿಸಿ ನಿಮ್ಮ ತಮ್ಮನ್ನ ಕೂರಿಸ್ಬೇಕು, ಮತ್ತೊಂದಕ್ಕೆ ರಾಜನ ಅಧಿಕಾರನೇ ಕಮ್ಮಿ ಆಗ್ಬೇಕು. ಗುಂಪಿನ ಒಟ್ಟು ಸೈನ್ಯ ನಿಮ್ಮ ಸೈನ್ಯದ 80% ದಾಟ್ತು ಅಂದ್ರೆ ಅವರ ಅಸಮಾಧಾನ ತಿಂಗಳು ತಿಂಗಳು ಏರ್ತಾ ಹೋಗಿ ತುಂಬಿದ ದಿನ ಪತ್ರ ಬರುತ್ತೆ, ಒಪ್ಕೋ ಇಲ್ಲಾ ಯುದ್ಧ. ಆದ್ರೆ ಅಷ್ಟೂ ಜನ್ರನ್ನ ಸಮಾಧಾನ ಮಾಡೋ ಅಗತ್ಯ ಇಲ್ಲ, ಗುಂಪು 80ರ ಕೆಳಗೆ ಇಳಿಯೋಕೆ ಯಾರೊಬ್ಬ ಆಚೆ ಬಂದ್ರೆ ಸಾಕು ಅಂತ ಲೆಕ್ಕ ಹಾಕಿ, ಅವನ ಮಗನಿಗೆ ನಿಮ್ಮ ಮಗಳನ್ನ ಕೊಟ್ಟು ಬೀಗರಾಗ್ಬಿಡಿ, ಮೈತ್ರಿ ಇರೋನು ನಿಮ್ಮ ವಿರುದ್ಧದ ಗುಂಪಿಗೆ ಸೇರೋ ಹಾಗಿಲ್ಲ. ಮಗಳು ಇಲ್ವಾ, ಸ್ನೇಹ ಬೆಳೆಸಿ. ಅದೂ ಆಗ್ಲಿಲ್ವಾ, ಗೂಢಚಾರರ ಮುಖ್ಯಸ್ಥನ್ನ ಬಿಟ್ಟು ಅವನ ಗುಟ್ಟು ಹುಡುಕ್ಸಿ ಹೆದರ್ಸಿ. ನಾನಂತೂ ಒಂದು ಸಲ ಮೂರು ಜನ್ರ ಗುಂಪನ್ನ ಬರೀ ಒಂದು ಮದುವೆಯಿಂದ ಮುರಿದೆ, ಆವತ್ತು ಯಾವ ಯುದ್ಧ ಗೆದ್ದಾಗಲೂ ಆಗದಷ್ಟು ಖುಷಿ ಆಯ್ತು.

ಇದಕ್ಕಿಂತ ಬುದ್ಧಿವಂತಿಕೆ ಇರೋದು ಸ್ಟ್ರೆಸ್ಸಲ್ಲಿ. ಬೇರೆ ಗೇಮಲ್ಲಿ ನಾವು ಏನು ಬೇಕಾದ್ರೂ ಮಾಡ್ಬೋದು, ಪಾತ್ರ ಬರೀ ಬೊಂಬೆ. ಇಲ್ಲಿ ನಿಮ್ಮ ರಾಜ ಕರುಣಾಳು ಅಂತಿಟ್ಕೊಳ್ಳಿ, ಅವನ ಕೈಲಿ ಕೊಲೆ ಮಾಡ್ಸಿದ್ರೆ ಅವನಿಗೇ ಸ್ಟ್ರೆಸ್ ಏರುತ್ತೆ. ಜಿಪುಣನ ಕೈಲಿ ದಾನ ಮಾಡ್ಸಿದ್ರೂ ಅಷ್ಟೇ. 100 ದಾಟಿದಾಗ ತಲೆ ಕೆಡುತ್ತೆ, ಕುಡಿತಕ್ಕೆ ಬೀಳ್ತಾನೆ ಇಲ್ಲಾ ಇನ್ನೇನೋ ಚಟ ಹಿಡಿಯುತ್ತೆ. ಹಂಗಾಗಿ ರಾಜ್ಯಕ್ಕೆ ಯಾವುದು ಲಾಭ ಅಂತ ಗೊತ್ತಿದ್ರೂ ಈ ಮನುಷ್ಯನ ಕೈಲಿ ಆಗಲ್ಲ ಅಂತ ಬಿಡ್ಬೇಕಾಗುತ್ತೆ. ಅಪ್ಪ ಸತ್ತು ಮಗ ಪಟ್ಟಕ್ಕೆ ಬಂದ್ರೆ ನಾವು ಆ ಮಗನಾಗಿ ಆಡ್ಬೇಕು, ಅವನ ಸ್ವಭಾವನೇ ಬೇರೆ, ಅದೇ ಸಮಸ್ಯೆಗೆ ಪೂರ್ತಿ ಬೇರೆ ದಾರಿ.

ಈಗ ಬೈಗುಳ. ಡ್ರೆಡ್ ಅಂತ ಒಂದಿದೆ, ಭಯ. ಸೆರೆಯಲ್ಲಿರೋ ನಾಲ್ಕು ಜನ್ರ ತಲೆ ತೆಗೆಸಿದ್ರೆ ಸರ್ ಅಂತ ಏರುತ್ತೆ, ಪುಕ್ಕಲು ಸಾಮಂತರು ಬಾಯಿ ಮುಚ್ಕೊಂಡು ಕೂರ್ತಾರೆ, ಇಷ್ಟು ಚೆನ್ನಾಗಿ ಕಟ್ಟಿದ ಬೀಗತನ, ಸ್ನೇಹ, ಗುಟ್ಟು ಎಲ್ಲಾ ಆಗ ದಂಡ. ಶಾರ್ಟ್‌ಕಟ್ ಇದ್ರೆ ಯಾರು ಬಿಡ್ತಾರೆ?

ನಂಗೆ ನಿಜವಾಗ್ಲೂ ಕೊರತೆ ಅನ್ಸಿದ್ದು ಬೇರೆ. 1066ರಲ್ಲಿ ಶುರು ಮಾಡಿ ಮೊದಲನೇ ಸೋಮೇಶ್ವರನ್ನ ತಗೊಂಡು ಆಡ್ತಿದ್ದೆ. ಅಸಲಿ ಇತಿಹಾಸದಲ್ಲಿ ಅವನು 1068ರಲ್ಲಿ ಕುರುವತ್ತಿ ಹತ್ರ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ದೊಡ್ಡ ಮಗ ಎರಡನೇ ಸೋಮೇಶ್ವರ ಪಟ್ಟಕ್ಕೆ ಬಂದ, ಚಿಕ್ಕವನು ವಿಕ್ರಮಾದಿತ್ಯನಿಗೆ ಅಪ್ಪನ ಜೊತೆ ಗುದ್ದಾಡಿದ್ದ ಚೋಳರ ವೀರರಾಜೇಂದ್ರನೇ ಮಗಳನ್ನ ಕೊಟ್ಟ, ಕೊನೆಗೆ 1076ರಲ್ಲಿ ಅಣ್ಣನ್ನ ಇಳಿಸಿ ತಮ್ಮ ಕೂತ್ಕೊಂಡು ತನ್ನ ಹೆಸರಲ್ಲೇ ಶಕೆ ಶುರು ಮಾಡ್ದ. ಮದುವೆ, ದಾಯಾದಿ ಜಗಳ, ಪಕ್ಷ ಬದಲಾಯಿಸೋದು, ಇಷ್ಟನ್ನೂ ಗೇಮ್ ಭಾಳ ಚೆನ್ನಾಗಿ ಮಾಡುತ್ತೆ, ಈ ಕಥೆನೇ ನೋಡಿ ಗೇಮ್ ಬರ್ದಿದಾರೇನೋ ಅನ್ನೋ ಹಾಗೆ. ಆದ್ರೆ ಚಾಲುಕ್ಯರ ಕೆಳಗಿದ್ದ ಹೊಯ್ಸಳರು, ಸೇವುಣರು, ಕಾಕತೀಯರು ತಲೆಮಾರುಗಟ್ಲೆ ಸಾಮಂತರಾಗಿದ್ದು, ಒಳಗೊಳಗೇ ಬೆಳೆದು, ನೂರು ವರ್ಷ ಆದ್ಮೇಲೆ ತಂತಮ್ಮ ರಾಜ್ಯ ಮಾಡ್ಕೊಂಡ್ರು. ಅಂಥಾ ಮನೆತನದ ಛಲ ಗೇಮಲ್ಲಿ ತೆಳು. ಫ್ಯಾಕ್ಷನ್ ಅನ್ನೋದು ಆ ಕ್ಷಣದ ಸಿಟ್ಟಿನ ಮೊತ್ತ ಅಷ್ಟೇ. ಮುಂದೆ ನಿಂತೋನು ಜ್ವರ ಬಂದು ಸತ್ರೆ ಮಗ ಬಂದು ನಂಗೆ ಪ್ಲಸ್ 30 ಅಂತಾನೆ, ಅಪ್ಪ ಹತ್ತು ವರ್ಷ ಕಟ್ಟಿದ ಗುಂಪು ಮರುದಿನ ಇಲ್ಲ. ನಮ್ಮಲ್ಲಿ ಊರೂರಿಗೆ ಹಂಗೆ ಮರೆತುಬಿಡ್ತಾರಾ? ತಾತನ ಕಾಲದ ಬಾವಿ ಜಗಳ ಇನ್ನೂ ಕೋರ್ಟಲ್ಲಿರುತ್ತೆ.

2022ರಲ್ಲಿ ಬಂದ ಫ್ರೆಂಡ್ಸ್ ಅಂಡ್ ಫೋಸ್ ಅನ್ನೋ ಡಿಎಲ್‌ಸಿ (ಮೂಲ ಗೇಮ್‌ಗೆ ಬೇರೆ ದುಡ್ಡು ಕೊಟ್ಟು ಸೇರಿಸ್ಕೊಳ್ಳೋ ಭಾಗ) ಇದನ್ನ ಸ್ವಲ್ಪ ತುಂಬ್ಸುತ್ತೆ, ಎರಡು ಮನೆತನದ ನಡುವೆ ವೈರ ಹತ್ಕೊಂಡ್ರೆ ಒಬ್ಬ ಸತ್ರೂ ಮುಗಿಯಲ್ಲ. ಆದ್ರೆ ಅದು ಮನೆತನಕ್ಕೆ ನಿಲ್ಲುತ್ತೆ, ಒಂದು ಸೀಮೆಗೆ, ಒಂದು ಮಠಕ್ಕೆ, ಒಂದು ವರ್ತಕರ ಗುಂಪಿಗೆ ಹಂಗೊಂದು ನೆನಪು ಇಲ್ಲ. ಉಳಿದ ಡಿಎಲ್‌ಸಿಗಳಲ್ಲಿ 2024ರ ರೋಡ್ಸ್ ಟು ಪವರ್‌ನಲ್ಲಿ ಜಮೀನೇ ಇಲ್ಲದ ಅಲೆಮಾರಿಯಾಗಿ ಆಡ್ಬೋದು, ಅದು ಚೆನ್ನಾಗಿದೆ. ಎಲ್ಲಾ ಒಟ್ಟಿಗೆ ತಗೊಳೋಕೆ ಹೋದ್ರೆ ಜೇಬು ಖಾಲಿ, ಬರೀ ಮೂಲ ಗೇಮಲ್ಲೇ ಆರು ತಿಂಗಳು ಕಳೀಬೋದು.

ಕನ್ನಡ ಭಾಷೆ ಆಯ್ಕೆ ಇಲ್ಲ, ಓದೋದು ಭಾಳ ಇದೆ, ಇಂಗ್ಲಿಷ್ ಓದೋಕೆ ಬೇಜಾರು ಅನ್ನೋರಿಗೆ ಕಷ್ಟ. ನನ್ನ ಹಳೇ ಲ್ಯಾಪ್‌ಟಾಪಲ್ಲಿ ಲೋಡ್ ಆಗೋಷ್ಟರಲ್ಲಿ ಟೀ ಕಾಸ್ಕೊಂಡು ಬರ್ಬೋದು. ನೇರ ಚಾಲುಕ್ಯರನ್ನ ತಗೋಬೇಡಿ, ನಾನು ತಗೊಂಡು ಮೊದಲನೇ ದಿನನೇ ಸಾಮಂತರ ಕೈಲಿ ಪಟ್ಟ ಕಳ್ಕೊಂಡೆ. ಮೊದ್ಲು ಆಟ ಕಲಿಸೋಕೆ ಅಂತ ಗೇಮಲ್ಲೇ ಇರೋ ಐರ್ಲೆಂಡಿನ ಟ್ಯುಟೋರಿಯಲ್ ಮುಗ್ಸಿ, ಅಲ್ಲಿ ನಾಲ್ಕೇ ನಾಲ್ಕು ಜನ ಮುನಿಸ್ಕೊಳ್ಳೋರು ಇರ್ತಾರೆ, ಆಮೇಲೆ ಕಲ್ಯಾಣಕ್ಕೆ ಬನ್ನಿ.