ಊರ ರೈತರ ಘಟಕಕ್ಕೆ ಯಾವುದು ಸರಿ: ಸ್ವಸಹಾಯ ಗುಂಪೋ, ಸಹಕಾರಿಯೋ, ಸೌಹಾರ್ದವೋ, ಉತ್ಪಾದಕ ಕಂಪನಿಯೋ?

ನರಗುಂದ, ರೋಣ, ನವಲಗುಂದದ ಎರೆ ಹೊಲಗಳ ಕಡಲೆ ಹೆಚ್ಚಾಗಿ ಕಸಕಡ್ಡಿ ಸಮೇತವೇ ಪೇಟೆಗೆ ಹೋಗುತ್ತದೆ. ಊರಲ್ಲೇ ಸ್ವಚ್ಛ ಮಾಡಿ, ಕಾಳಿನ ಗಾತ್ರದ ಮೇಲೆ ಬೇರ್ಪಡಿಸಿ ಮಾರುವ ಘಟಕಕ್ಕೆ ರೈತರೇ ಮಾಲೀಕರಾಗಬೇಕೆಂದರೆ, ಯಂತ್ರದ ಕೊಟೇಶನ್ ತರಿಸುವ ಮೊದಲು ಯಾವ ಕಾನೂನಿನಡಿ ಒಟ್ಟುಗೂಡುವುದು ಎಂಬುದು ತೀರ್ಮಾನವಾಗಬೇಕು. ನಾಲ್ಕೂ ಬಗೆಯ ಸಂಸ್ಥೆಗಳ ಕಾಗದಪತ್ರ ಮಾಡಿ, ನಡೆಸಿ ನೋಡಿದ ಮೇಲೆ ನನ್ನ ಒಲವು ರೈತ ಉತ್ಪಾದಕ ಕಂಪನಿಯ (ರೈತರೇ ಷೇರುದಾರರಾಗಿ ಕಂಪನಿ ಕಾಯ್ದೆಯಡಿ ನೋಂದಾಯಿಸುವ ಸಂಸ್ಥೆಯ) ಕಡೆಗೇ.

ಸ್ವಸಹಾಯ ಗುಂಪು ಉಳಿತಾಯಕ್ಕೆ, ಸಣ್ಣ ಸಾಲಕ್ಕೆ ಬಹಳ ಒಳ್ಳೆಯದು. ಆದರೆ ನೋಂದಣಿ ಇಲ್ಲದ 10-20 ಜನರ ಗುಂಪು ತನ್ನದೇ ಹೆಸರಲ್ಲಿ ಆಸ್ತಿ ಹಿಡಿಯಲು ಹೋದರೆ ಸಿಕ್ಕಿಬೀಳುತ್ತದೆ. ಜಾಗದ ಲೀಸ್, ವಿದ್ಯುತ್ ಕಂಪನಿ ಹೆಸ್ಕಾಂನ ತ್ರೀ ಫೇಸ್ ಮೀಟರ್, ಯಂತ್ರದ ಬಿಲ್ಲು ಎಲ್ಲವೂ ಕೊನೆಗೆ ಒಬ್ಬರ ಹೆಸರಿಗೆ ಹೋಗುತ್ತವೆ. ಅವರು ತೀರಿಕೊಂಡರೆ ಯಂತ್ರ ಅವರ ಮಕ್ಕಳ ವಾಟ್ನಿಗೆ (ಆಸ್ತಿ ಪಾಲಿಗೆ) ಬೀಳುತ್ತದೆ. ಘಟಕಕ್ಕೆ ಇದು ಬೇಡ.

ಸಹಕಾರಿ ಸಂಘದ ಬಗ್ಗೆ ಈ ಭಾಗದಲ್ಲಿ ಗೌರವದಿಂದಲೇ ಮಾತಾಡಬೇಕು. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಂಘದಿಂದ ಇಲ್ಲಿಯ ಸಹಕಾರ ಚಳವಳಿ ಶುರುವಾಯಿತು. 1959ರ ಕಾಯ್ದೆಯ ಸಂಘಕ್ಕೆ ಇಲಾಖೆಯ ಕಣ್ಗಾವಲಿದೆ, ಮಂಡಳಿ ಬಿದ್ದರೆ ಆಡಳಿತಾಧಿಕಾರಿ ಬಂದು ಕೂರುತ್ತಾರೆ. ಸಾಲ-ಗೊಬ್ಬರಕ್ಕೆ ಇದು ಸಾಕು. ತೊಡಕಿರುವುದು ಸಂಪತ್ತಿನ ಲೆಕ್ಕದಲ್ಲಿ: ಪ್ರತಿ ವರ್ಷ ಲಾಭದ ಒಂದು ಪಾಲು ಮೀಸಲು ನಿಧಿಗೆ ಹೋಗುತ್ತದೆ, ಅದನ್ನು ಸದಸ್ಯರಿಗೆ ಹಂಚುವಂತಿಲ್ಲ. ಇಪ್ಪತ್ತು ವರ್ಷ ಮಾಲು ಹಾಕಿದ ರೈತನ ಷೇರು ಇಪ್ಪತ್ತು ವರ್ಷದ ಹಿಂದಿನ ಮುಖಬೆಲೆಯಲ್ಲೇ ಕೂತಿರುತ್ತದೆ.

ಸೌಹಾರ್ದವೂ ಒಂದು ಬಗೆಯ ಸಹಕಾರಿಯೇ; 1997ರ ಪ್ರತ್ಯೇಕ ಸೌಹಾರ್ದ ಕಾಯ್ದೆಯಡಿ ಅದರ ಮಂಡಳಿಗೆ ಹೆಚ್ಚು ಸ್ವಾತಂತ್ರ್ಯವಿದೆ. ಆದರೆ ನಮ್ಮಲ್ಲಿ ಹೆಚ್ಚಿನ ಸೌಹಾರ್ದಗಳು ಠೇವಣಿ-ಸಾಲದ ಪತ್ತಿನ ಸಂಸ್ಥೆಗಳೇ ಆಗಿವೆ. ಅಲ್ಲಿಟ್ಟ ಠೇವಣಿಗೆ ಬ್ಯಾಂಕಿನಲ್ಲಿರುವ 5 ಲಕ್ಷದ ವಿಮೆ ಇಲ್ಲ ಎಂಬುದನ್ನು ಊರವರಿಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಉತ್ಪಾದಕ ಕಂಪನಿಯಲ್ಲಿ ನನಗೆ ಹಿಡಿಸಿದ್ದು ಎರಡು ಅವಕಾಶ. ಒಂದು, ತಡೆಹಿಡಿದ ಬೆಲೆ. ಕಡಲೆ ತಂದವರಿಗೆ ಕ್ವಿಂಟಲ್‌ಗೆ 100 ರೂಪಾಯಿ ಹಿಡಿದುಕೊಂಡು ಉಳಿದದ್ದು ಕೊಟ್ಟು, ಆಮೇಲೆ ಆ 100ನ್ನು ಷೇರಾಗಿ ಕೊಡಬಹುದು. 300 ಜನ ತಲಾ 10 ಕ್ವಿಂಟಲ್ ತಂದರೆ ಒಂದು ಸುಗ್ಗಿಗೆ 3 ಲಕ್ಷ ಬಂಡವಾಳ, ಯಾರೂ ಮನೆಯಿಂದ ರೊಕ್ಕ ತರದೆ. ಎರಡು, ಸಾಮಾನ್ಯ ಮೀಸಲು ಬೆಳೆದ ಮೇಲೆ ಮಹಾಸಭೆಯ ಠರಾವಿನಿಂದ ಅದನ್ನು ಬೋನಸ್ ಷೇರು (ರೊಕ್ಕ ಕೊಡದೆ ಸಿಗುವ ಷೇರು) ಮಾಡಿ ಸದಸ್ಯರ ಹೆಸರಿಗೇ ಬರೆಯಬಹುದು. ಎಷ್ಟು ಷೇರಿದ್ದರೂ ಓಟು ಒಂದೇ. ಹಾಗಾಗಿ ದೊಡ್ಡ ಹಿಡುವಳಿದಾರ ಬಂದು ಕಂಪನಿ ಕೊಳ್ಳಲಾರ.

ಅನುದಾನ ನೋಡಿ ಆಯ್ಕೆ ಮಾಡಬೇಡಿ. ರೈತ ಉತ್ಪಾದಕ ಸಂಸ್ಥೆಗಳಿಗೆಂದು ತಂದ 2020ರ ಕೇಂದ್ರ ಯೋಜನೆಯ ಷೇರು ಅನುದಾನ (ಸದಸ್ಯನಿಗೆ 2,000 ರೂಪಾಯಿವರೆಗೆ, ಸಂಸ್ಥೆಗೆ ಗರಿಷ್ಠ 15 ಲಕ್ಷ) ಸಹಕಾರಿಯಾಗಿ ನೋಂದಾದವರಿಗೂ ಇದೆ. ಕೃಷಿ ಮೂಲಸೌಕರ್ಯ ನಿಧಿಯ 3% ಬಡ್ಡಿ ರಿಯಾಯಿತಿಯೂ ಹಾಗೆಯೇ.

ಈಗ ಕಂಪನಿಯ ನಿಜವಾದ ಕಿರಿಕಿರಿ: ಉತಾರ (ಪಹಣಿ) ಮತ್ತು ಹೆಸರು. ನೋಂದಣಿಗೆ ಕನಿಷ್ಠ 10 ಜನ ಉತ್ಪಾದಕರು, 5 ಜನ ನಿರ್ದೇಶಕರು ಬೇಕು. ಪ್ರತಿಯೊಬ್ಬರೂ ತಾವು ಬೆಳೆಗಾರರೆಂದು ತೋರಿಸಬೇಕು. ಆದರೆ ಉತಾರದಲ್ಲಿ ಹೆಸರಿರುವುದು ತೀರಿಹೋದ ಅಜ್ಜನದು, ಉಳುವುದು ಮೊಮ್ಮಗ, ಕಳೆ ತೆಗೆದು ರಾಶಿ ಮಾಡುವುದು ಸೊಸೆ. ವಾರಸಾ (ತೀರಿದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗದ ಮನೆಯಿಂದ ಸದಸ್ಯತ್ವ ತೆಗೆದುಕೊಳ್ಳುವುದೇ ಕಷ್ಟ. ಹೆಣ್ಣುಮಕ್ಕಳು ಹೊರಗುಳಿಯುವುದು ಬಹುತೇಕ ಇಲ್ಲಿಯೇ.

ಇದರ ಮೇಲೆ ಆಧಾರಿನಲ್ಲಿ ‘ಬಸವರಾಜ ಶಿವಪ್ಪ ಹಡಗಲಿ’, ಪ್ಯಾನ್‌ನಲ್ಲಿ ‘ಬಸವರಾಜಪ್ಪ ಎಚ್’, ಉತಾರದಲ್ಲಿ ‘ಬಸಪ್ಪ ಶಿವಪ್ಪ’. ಡಿಜಿಟಲ್ ಸಹಿಗೆ ಪ್ಯಾನ್, ಆಧಾರ್ ಎರಡೂ ತಾಳೆಯಾಗಬೇಕು. ಒಬ್ಬರದು ತಪ್ಪಿದರೂ ಹತ್ತೂ ಜನರ ಅರ್ಜಿ ನಿಲ್ಲುತ್ತದೆ. ಆದ್ದರಿಂದ ಕಂಪನಿಗೆ ಇಡುವ ಹೆಸರಿನ ಚರ್ಚೆಗೆ ಮೊದಲೇ ಮೂರೂ ಕಾಗದ ಒಂದರ ಪಕ್ಕ ಒಂದು ಇಟ್ಟು ಅಕ್ಷರ ಅಕ್ಷರ ಓದಿ. ತಾಳೆಯಾಗುವ 10 ಜನರಿಂದ ನೋಂದಣಿ ಮುಗಿಸಿ. ಉಳಿದವರಿಗೆ ಪೌತಿ ಖಾತೆ (ವಾರಸಾ) ಮಾಡಿಸಿ, ಆಮೇಲೆ ಸೇರಿಸಿಕೊಳ್ಳಿ. ಸೇರಿದ ಮೂರು ತಿಂಗಳೊಳಗೆ ಪ್ರತಿ ಸದಸ್ಯರೂ ನಾಮಿನಿ ಬರೆದುಕೊಡಬೇಕು. ಇದನ್ನು ಬಿಟ್ಟರೆ ಇದೇ ವಾರಸಾ ತಂಟೆ ಮುಂದೆ ಷೇರಿಗೂ ಬರುತ್ತದೆ.

ಎರಡನೇ ಕಾಟ ತಡದ ದಂಡ. ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸುವ ಲೆಕ್ಕಪತ್ರದ ಫಾರ್ಮು, ವಾರ್ಷಿಕ ರಿಟರ್ನ್ ತಡವಾದರೆ ಒಂದೊಂದಕ್ಕೆ ದಿನಕ್ಕೆ 100 ರೂಪಾಯಿ. ಎರಡೂ ಒಂದು ವರ್ಷ ಬಿದ್ದರೆ 73,000. ಮೂರು ವರ್ಷ ಸತತ ಬಿಟ್ಟರೆ ನಿರ್ದೇಶಕರು ಐದು ವರ್ಷ ಅನರ್ಹ. ಅನುದಾನದ ಮೊದಲ ಮೂರು ವರ್ಷ ಸಂಬಳಕ್ಕೆ ಆಸರೆ ಇರುತ್ತದೆ. ಅದು ಮುಗಿದು ಸಿಇಒ (ಕಂಪನಿ ನಡೆಸುವ ಅಧಿಕಾರಿ) ಬಿಟ್ಟುಹೋದಾಗಲೇ ಫೈಲಿಂಗ್ ನಿಲ್ಲುವುದು.

ಜಾಗದ ವಿಷಯಕ್ಕೆ ಒಂದೇ ಮಾತು: ಸಾಲದ ಅವಧಿ ಮುಗಿಯುವವರೆಗಿನ ನೋಂದಾಯಿತ ಲೀಸ್ ಬೇಕು, 11 ತಿಂಗಳ ಕರಾರಿನ ಮೇಲೆ ಯಂತ್ರ ಕೂರಿಸಬೇಡಿ.

ತಿಂಗಳಿಗೊಮ್ಮೆ ಕೂತು ಲೆಕ್ಕ ಓದುವ ರೂಢಿಯಿರುವ, ಆಡಿಟ್-ಫೈಲಿಂಗ್‌ಗೆ ವರ್ಷಕ್ಕೆ ಅರ್ಧ ಲಕ್ಷದಷ್ಟು ಮೊದಲೇ ತೆಗೆದಿಡಬಲ್ಲ ಊರಿಗೆ ಕಂಪನಿಯೇ ಸರಿ. ನಿಯಮಾವಳಿಯಲ್ಲಿ ‘ಸಕ್ರಿಯ ಸದಸ್ಯ’ ಎಂದರೆ ವರ್ಷಕ್ಕೆ ಇಂತಿಷ್ಟು ಕ್ವಿಂಟಲ್ ತರುವವ ಎಂದು ಸ್ಪಷ್ಟವಾಗಿ ಬರೆಸಿ. ಇಲ್ಲವಾದರೆ ಮಾಲು ದಲಾಲರಿಗೆ ಹಾಕುವವರೂ ಓಟಿಗೆ ಬರುತ್ತಾರೆ. ಅಷ್ಟು ಖರ್ಚು ತಡೆಯದ, ಐವತ್ತು-ಅರವತ್ತು ಮನೆಯ ಊರು ಹೊಸ ಕಂಪನಿಗೆ ಕೈಹಾಕುವುದು ಬೇಡ. ಪಕ್ಕದೂರಿನ ಕಂಪನಿಗೆ ಷೇರು ಹಾಕಿ, ತಮ್ಮೂರಿನ ಒಬ್ಬರನ್ನು ಅದರ ಮಂಡಳಿಗೆ ಆರಿಸಿ ಕಳಿಸಲಿ.