ನಾಲ್ಕು ಥರದ ಗೋಡೆ ಕಟ್ಟಿ ನೋಡಿದೆವು, ನಮ್ಮ ಕೈಗೆ ಒಗ್ಗಿದ್ದು ಮಣ್ಣಿನ ಬ್ಲಾಕು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಡ್ ಬ್ಲಾಕಿಗೆ. ಸ್ವಲ್ಪ ಸಿಮೆಂಟ್ ಬೆರೆಸಿ, ಮೆಷಿನ್ನಿನಲ್ಲಿ ಒತ್ತಿ ಮಾಡುವ ಮಣ್ಣಿನ ಬ್ಲಾಕಿಗೆ. ಇಟ್ಟಿಗೆ, ಸಿಮೆಂಟ್ ಬ್ಲಾಕು, ಎಎಸಿ ಅನ್ನುವ ಹಗುರ ಗುಳ್ಳೆ ಬ್ಲಾಕು ಮೂರನ್ನೂ ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಹೋದ ವರ್ಷ ಒಂದು ಮನೆಯಲ್ಲಿ ಕೈ ಸುಟ್ಟುಕೊಂಡ ಮೇಲೆ ಇದು ಇನ್ನೂ ಗಟ್ಟಿಯಾಯಿತು.

ತುಮಕೂರಿನಲ್ಲಿ ನಮ್ಮದೊಂದು ಸಣ್ಣ ಕಟ್ಟಡ ಕಂಪನಿ. ಖಾಯಂ ಇರುವವರು ಒಂಬತ್ತು ಜನ. ವರ್ಷಕ್ಕೆ ಮೂರು ಮನೆ, ಹೆಚ್ಚೆಂದರೆ ನಾಲ್ಕು. ಶುರು ಮಾಡುವಾಗ ಎರಡು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಬೇಕು ಅಂದುಕೊಂಡೆವು. ಆದಷ್ಟೂ ಹತ್ತಿರ ಸಿಗುವ ಸಾಮಾನಿನಲ್ಲೇ ಕಟ್ಟಬೇಕು. ಮನೆಗೆ ಹಾಕುವ ದುಡ್ಡಿನಲ್ಲಿ ದೊಡ್ಡ ಪಾಲು ಆ ಊರಿನವರ ಕೈಗೇ ಸೇರಬೇಕು. ಹೇಳುವುದು ಸುಲಭ. ಗೋಡೆಗೆ ಏನು ತರಿಸುತ್ತೀರಿ ಅನ್ನುವ ದಿನ ಇವೆರಡೂ ಪರೀಕ್ಷೆಗೆ ಬೀಳುತ್ತವೆ. ಅದಕ್ಕೇ ಇಲ್ಲಿ ಬರೀ ಗೋಡೆಯ ಮಾತು.

ಕೈ ಸುಟ್ಟಿದ್ದು ಎಎಸಿ ಬ್ಲಾಕಿನಲ್ಲಿ. ಆ ಮನೆಯವರಿಗೆ ವೈಶಾಖದಲ್ಲೇ ಗೃಹಪ್ರವೇಶ ಆಗಬೇಕಿತ್ತು. ಮಣ್ಣಿನ ಬ್ಲಾಕು ಮಾಡಿ, ವಾರಗಟ್ಟಲೆ ನೀರು ಹಾಕಿ ಹದ ಮಾಡುತ್ತ ಕೂರುವಷ್ಟು ದಿನ ಇರಲಿಲ್ಲ. ಎಎಸಿ ಹಗುರ, ದೊಡ್ಡದು, ಗೋಡೆ ಬೇಗ ಏಳುತ್ತದೆ. ಕಲ್ಲಿದ್ದಲು ಉರಿಸಿದಾಗ ಬರುವ ಹಾರುಬೂದಿ, ಸುಣ್ಣ, ಸಿಮೆಂಟಿಗೆ ಚೂರು ಅಲ್ಯೂಮಿನಿಯಂ ಪುಡಿ ಸೇರಿಸಿದರೆ ಹಿಟ್ಟು ಉಬ್ಬುತ್ತದೆ. ಅದನ್ನು ಕತ್ತರಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಇಡ್ಲಿಯ ಹಾಗೆ ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆ. ಹಾರುಬೂದಿಗೆ ಒಂದು ದಾರಿ ಆಗುತ್ತದೆ, ಹೊಲದ ಮಣ್ಣು ಉಳಿಯುತ್ತದೆ ಅಂತ ನಾನೂ ಒಪ್ಪಿದೆ.

ನಮ್ಮ ಮೇಸ್ತ್ರಿ ಮೂವತ್ತು ವರ್ಷದಿಂದ ಇಟ್ಟಿಗೆ ಕಟ್ಟಿದವರು. ಇಟ್ಟಿಗೆಯನ್ನು ಚೆನ್ನಾಗಿ ನೆನೆಸಿ ಕಟ್ಟಬೇಕು, ಇಲ್ಲದಿದ್ದರೆ ಒಣ ಇಟ್ಟಿಗೆ ಗಾರೆಯ ನೀರೆಲ್ಲ ಹೀರಿಕೊಂಡು ಗಾರೆ ಹಿಡಿಯುವುದಿಲ್ಲ. ಇದು ಅವರ ಕೈಗೆ ಅಂಟಿದ ಪಾಠ. ಎಎಸಿಗೂ ಅದನ್ನೇ ಮಾಡಿದರು. ಬೆಳಿಗ್ಗೆ ಬಂದವರೇ ಪೈಪು ಹಿಡಿದು ಇಡೀ ರಾಶಿಯನ್ನು ತೊಯ್ಯಿಸಿದರು. ಅವರದು ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಬ್ಲಾಕು ಕೊಟ್ಟವರು "ನಮ್ಮ ಕಡೆಯಿಂದ ಒಬ್ಬರು ಬಂದು ಎರಡು ದಿನ ಹೇಳಿಕೊಡ್ತಾರೆ" ಅಂದಿದ್ದರು. ಯಾರೂ ಬರಲಿಲ್ಲ. ನಾನು ಆ ವಾರ ಇನ್ನೊಂದು ಸೈಟಿನಲ್ಲಿದ್ದೆ.

ಎಎಸಿಗೆ ಮೇಲೆ ಸ್ವಲ್ಪ ನೀರು ಚಿಮುಕಿಸಿದರೆ ಸಾಕು. ತೊಯ್ದರೆ ಅದು ನೀರು ಕುಡಿದು ಕೂತುಬಿಡುತ್ತದೆ. ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಒಣಗುತ್ತದೆ, ಒಣಗುತ್ತಾ ಕುಗ್ಗುತ್ತದೆ. ನಾವು ಅದು ಒಣಗುವ ಮುಂಚೆಯೇ ಪ್ಲಾಸ್ಟರಿಂಗ್ ಮಾಡಿ ಮುಗಿಸಿದ್ದೆವು. ಅದೂ ಒಂದಕ್ಕೆ ನಾಲ್ಕರ, ಅಂದರೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಟ್ಟಿ ಗಾರೆ. ಮೆತ್ತಗಿನ ಬ್ಲಾಕಿನ ಮೇಲೆ ಅದಕ್ಕಿಂತ ಗಟ್ಟಿ ಗಾರೆ ಕೂತರೆ ಎರಡೂ ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ.

ಗೃಹಪ್ರವೇಶ ಚೆನ್ನಾಗಿಯೇ ಆಯಿತು. ಮೂರು ತಿಂಗಳಿಗೆ ಫೋನ್ ಬಂತು. ಹೋಗಿ ನೋಡಿದರೆ ಬಣ್ಣದ ಅಡಿಯಲ್ಲಿ ಒಂದೊಂದು ಬ್ಲಾಕಿನ ಅಂಚೂ ಕೂದಲೆಳೆಯ ಬಿರುಕಾಗಿ ಕಾಣುತ್ತಿತ್ತು. ಕಾಲಂ ಮತ್ತು ಗೋಡೆ ಸೇರುವ ಕಡೆ ಮೇಲಿಂದ ಕೆಳಗಿನವರೆಗೆ ನೂಲು ಹಿಡಿದ ಹಾಗೆ ಒಂದೇ ಗೆರೆ. ಆ ಮನೆಯ ಯಜಮಾನರು ಕೇಳಿದ್ದು ಒಂದೇ ಮಾತು: "ಗೋಡೆ ಬೀಳಲ್ಲ ಅಲ್ವಾ?" ಬೀಳುವುದಿಲ್ಲ. ಭಾರ ಹೊರುತ್ತಿರುವುದು ಕಾಲಂ. ಆದರೆ ಇಪ್ಪತ್ತು ವರ್ಷದ ಸಾಲ ಮಾಡಿ ಕಟ್ಟಿಸಿದವರಿಗೆ ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು.

ಕಾಲಂ ಸೇರುವ ಕಡೆಯೆಲ್ಲ ಎರಡೂ ಪಕ್ಕ ನಾಲ್ಕು ನಾಲ್ಕು ಇಂಚು ಪ್ಲಾಸ್ಟರ್ ಕೆತ್ತಿದೆವು. ಜಾಲರಿ ಹೊಡೆದು, ಒಂದಕ್ಕೆ ಆರರ ಗಾರೆ ಬಳಿದು, ಮತ್ತೆ ಬಣ್ಣ ಹೊಡೆಸಿದೆವು. ಇಬ್ಬರು ಗಾರೆಯವರಿಗೆ ಹನ್ನೊಂದು ದಿನದ ಕೆಲಸ. ಖರ್ಚು ಪೂರ್ತಿ ನಮ್ಮದೇ. ಆ ಮನೆಯಲ್ಲಿ ನಮಗೆ ಉಳಿದಿದ್ದ ದುಡ್ಡು ಅಲ್ಲೇ ಕರಗಿತು. ಜಾಲರಿಯನ್ನು ಮೊದಲೇ ಹಾಕಿ, ಬ್ಲಾಕನ್ನು ತೊಯ್ಯಿಸದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಕಲಿತ ಕೈಗಳಿದ್ದರೆ ಎಎಸಿ ಒಳ್ಳೆಯ ಸಾಮಾನೇ. ಹತ್ತು ಹದಿನೈದು ಮಹಡಿ ಕಟ್ಟುವವರಿಗೆ ಅದರ ಹಗುರ ನಿಜವಾದ ಉಳಿತಾಯ, ಕಬ್ಬಿಣ ಕಮ್ಮಿ ಹಿಡಿಯುತ್ತದೆ. ಎರಡು ಮಹಡಿಯ ಮನೆ ಕಟ್ಟುವ ನಮಗೆ ಆ ಲಾಭ ಅಷ್ಟಾಗಿ ಸಿಗುವುದಿಲ್ಲ. ಅಡುಗೆಮನೆಯ ಶೆಲ್ಫಿಗೆ ಮಾಮೂಲಿ ಸ್ಕ್ರೂ ಹಿಡಿಯುವುದಿಲ್ಲ ಅನ್ನುವುದು ಇನ್ನೊಂದು ತಲೆನೋವು.

ನನ್ನನ್ನು ಜಾಸ್ತಿ ಕಾಡಿದ್ದು ಬಿರುಕಲ್ಲ, ಬಿಲ್ಲು. ಆ ಮನೆಯ ಗೋಡೆಯ ಲೆಕ್ಕ ತೆಗೆದಾಗ ದುಡ್ಡಿನ ಬಹುಪಾಲು ಬ್ಲಾಕು, ಅಂಟುವ ಪೇಸ್ಟು, ಲಾರಿ ಬಾಡಿಗೆಗೆ ಹೋಗಿತ್ತು. ಶನಿವಾರದ ಬಟವಾಡೆಯಲ್ಲಿ ಊರಿನವರ ಕೈಗೆ ಬಂದಿದ್ದು ಕಮ್ಮಿ. ಮಣ್ಣಿನ ಬ್ಲಾಕಿನ ಮನೆಯ ಲೆಕ್ಕದಲ್ಲಿ ಇದು ತಲೆಕೆಳಗು.

ಮಣ್ಣಿನ ಬ್ಲಾಕು ನಾವು ಕಂಡುಹಿಡಿದಿದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಅನ್ನುವ ಕೇಂದ್ರ ಶುರುವಾಯಿತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಮಾಡುವುದೇ ಅದರ ಕೆಲಸವಾಗಿತ್ತು. ಅಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ಈ ಬ್ಲಾಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಇದಕ್ಕೆ ಐಎಸ್ 1725 ಅನ್ನುವ ಭಾರತೀಯ ಮಾನಕವೂ ಇದೆ. ಮನೆ ಕಟ್ಟಿಸುವವರ ಮನೆಗೆ ಹೋದಾಗ ನಾನು ಮೊದಲು ಇದನ್ನು ಹೇಳುತ್ತೇನೆ. ಯಾಕೆಂದರೆ ಮಣ್ಣು ಅಂದ ತಕ್ಷಣ ಎಲ್ಲರಿಗೂ ಅಜ್ಜಿ ಮನೆಯ ಕರಗಿದ ಗೋಡೆ ನೆನಪಾಗುತ್ತದೆ. ನಿವೃತ್ತ ಟೀಚರ್ ಒಬ್ಬರು "ಮಳೆಗೆ ಕರಗಿ ಹೋಗಲ್ವಾ?" ಅಂತ ಮೂರು ಸಲ ಕೇಳಿದರು. ಒಂದು ಬ್ಲಾಕು ಕೊಟ್ಟು, ಬಕೆಟ್ಟಿನ ನೀರಿನಲ್ಲಿ ಹಾಕಿಡಿ ಮೇಡಂ, ಬೇಕಾದಷ್ಟು ದಿನ ಇಡಿ ಅಂದೆ. ಹದಿನೈದು ದಿನ ಇಟ್ಟಿದ್ದರು. ಅಂಚೂ ಉದುರಲಿಲ್ಲ. ಈಗ ಅವರು ಅದೇ ಬ್ಲಾಕಿನ ಮನೆಯಲ್ಲಿದ್ದಾರೆ.

ನಮ್ಮ ಕಡೆ ಕೆಂಪು ಮಣ್ಣು. ಪಾಯ, ಸಂಪು, ಪಿಟ್ಟು ತೋಡಿದ ಮಣ್ಣೇ ಬಹುಪಾಲು ಗೋಡೆಯಾಗುತ್ತದೆ. ಮೇಲಿನ ಒಂದಡಿ ಬೇರು ತುಂಬಿದ ಮಣ್ಣನ್ನು ತೋಟಕ್ಕೆ ಬೇರೆ ಹಾಕಿಸುತ್ತೇವೆ. ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಡುತ್ತೇನೆ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ಜೇಡಿ ಕೂರುವುದಕ್ಕೆ ಒಂದು ದಿನ ಬೇಕು. ಮರಳು ಮೂರರಲ್ಲಿ ಎರಡು ಪಾಲಿನಷ್ಟು ಇದ್ದು, ಜೇಡಿ ನೂರಕ್ಕೆ ಹತ್ತು ಹದಿನೈದು ಇದ್ದರೆ ಬ್ಲಾಕು ಚೆನ್ನಾಗಿ ಬರುತ್ತದೆ. ಜೇಡಿ ಜಾಸ್ತಿ ಇದ್ದರೆ ಕ್ವಾರಿ ಡಸ್ಟ್, ಅಂದರೆ ಕಲ್ಲುಪುಡಿ ಬೆರೆಸುತ್ತೇವೆ. ಗದಗ, ವಿಜಯಪುರದ ಕಡೆಯ ಎರೆಮಣ್ಣಿಗೆ ಇದು ಸುಲಭದಲ್ಲಿ ಆಗುವ ಕೆಲಸ ಅಲ್ಲ, ಆ ಮಣ್ಣು ನೀರಿಗೆ ಉಬ್ಬುತ್ತದೆ. ಕರಾವಳಿಯವರಿಗೆ ಮುರಕಲ್ಲು ಇರುವಾಗ ಇದರ ಗೊಡವೆಯೇ ಬೇಡ.

ಸಾವಿರ ಚದರಡಿಯ ಮನೆಗೆ ನಮಗೆ ಆರು ಸಾವಿರದ ಮೇಲೆ ಬ್ಲಾಕು ಬೇಕಾಗುತ್ತದೆ. ಕೈಯಲ್ಲಿ ಒತ್ತುವ ಮೆಷಿನ್ನಿನ ಮೇಲೆ ಏಳು ಜನ ದಿನಕ್ಕೆ 400ರಿಂದ 450 ತೆಗೆಯುತ್ತಾರೆ. ನೂರಕ್ಕೆ ಏಳರಷ್ಟು ಸಿಮೆಂಟ್ ಹಾಕಿದರೆ ಒಂದು ಮೂಟೆಗೆ 90 ಬ್ಲಾಕು ಬರುತ್ತದೆ. ಈ ಏಳು ಜನರನ್ನು ಆ ಊರಿನಿಂದಲೇ ತೆಗೆದುಕೊಳ್ಳುತ್ತೇವೆ. ಹೆಚ್ಚಾಗಿ ಹೆಂಗಸರು. ಜರಡಿ ಹಿಡಿಯುವವರಿಗೂ ಮೆಷಿನ್ ಒತ್ತುವವರಿಗೂ ಒಂದೇ ಕೂಲಿ. ವರ್ಷಕ್ಕೆ 90 ದಿನ ಕಟ್ಟಡ ಕೆಲಸ ಮಾಡಿದವರು ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಕಾರ್ಡು ಮಾಡಿಸಬಹುದು. ಆ 90 ದಿನದ ಪತ್ರಕ್ಕೆ ಸಹಿ ಹಾಕುವವರಿಲ್ಲದೆ ಎಷ್ಟೋ ಜನ ಅಲೆಯುತ್ತಾರೆ. ನಾವು ಹಾಜರಿ ಪುಸ್ತಕ ಇಟ್ಟು ಸಹಿ ಹಾಕಿ ಕೊಡುತ್ತೇವೆ. ಇದಕ್ಕೆ ನಮಗೆ ಒಂದು ರೂಪಾಯಿಯೂ ಖರ್ಚಿಲ್ಲ.

ಮಣ್ಣಿನ ಬ್ಲಾಕಿಗೂ ಕಾಟ ಇದೆ. ದೊಡ್ಡದು ತೂಕ. ಒಂದೊಂದು ಬ್ಲಾಕಿಗೂ ಒದ್ದೆ ಮಣ್ಣನ್ನು ತಕ್ಕಡಿಯಲ್ಲಿ ತೂಗಿಯೇ ಮೆಷಿನ್ನಿಗೆ ಹಾಕಬೇಕು. ನಮ್ಮ ಅಳತೆಗೆ ಒಂಬತ್ತು ಕೆಜಿಯ ಹತ್ತಿರ. ಕಮ್ಮಿ ಹಾಕಿದರೆ ಬ್ಲಾಕು ನೋಡುವುದಕ್ಕೆ ಹಾಗೇ ಇರುತ್ತದೆ, ಒಳಗೆ ಪೊಳ್ಳಾಗಿರುತ್ತದೆ. ಎರಡನೇ ಮನೆಯಲ್ಲಿ ಮಧ್ಯಾಹ್ನದ ಮೇಲೆ ಬಾಣಲಿ ಲೆಕ್ಕದಲ್ಲಿ ಸುರಿದಿದ್ದರು. ಸುಮಾರು ಇನ್ನೂರು ಬ್ಲಾಕು ಕಾಂಪೌಂಡಿನ ಒಳಗೋಡೆಗೆ ಹೋಯಿತು. ಆಮೇಲಿಂದ ತಕ್ಕಡಿ ಹಿಡಿಯುವುದಕ್ಕೆ ಒಬ್ಬರನ್ನು ಬೇರೆಯಾಗಿ ನಿಲ್ಲಿಸುತ್ತೇವೆ. ಲ್ಯಾಬಿನಲ್ಲಿ ಬ್ಲಾಕನ್ನು ನೆನೆಸಿ ಒತ್ತಿಸಿ ನೋಡಿದಾಗ ಅದರ ಬಲ 3 ಮೆಗಾಪ್ಯಾಸ್ಕಲ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 30 ಕೆಜಿ ದಾಟಿತು. ನಮ್ಮ ಇಂಜಿನಿಯರ್ ಎರಡು ಮಹಡಿಗೆ ಒಪ್ಪಿದರು.

ಇನ್ನೊಂದು ನೀರು. ಬ್ಲಾಕಿನ ರಾಶಿಯನ್ನು ಗೋಣಿ, ಹುಲ್ಲು ಮುಚ್ಚಿ ಮೂರು ವಾರ ಒದ್ದೆಯಾಗಿಡಬೇಕು, ಭಾನುವಾರವೂ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಲೆಕ್ಕ ಏರುತ್ತದೆ. ಅದಕ್ಕೇ ದೀಪಾವಳಿ ಕಳೆದ ಮೇಲೆ, ಮಳೆ ನಿಂತು ಬಾವಿಯಲ್ಲಿ ಇನ್ನೂ ನೀರಿರುವಾಗ ಒತ್ತಿಸುತ್ತೇವೆ. ಗೋಡೆಗೆ ಮಳೆ ಬೀಳದ ಹಾಗೆ ಮೇಲೆ ಎರಡಡಿ ಸಜ್ಜಾ ಬೇಕು, ಕೆಳಗೆ ಸೈಜುಗಲ್ಲಿನ ಪಾಯ ನೆಲದಿಂದ ಒಂದೂವರೆ ಅಡಿ ಮೇಲೆ ಬರಬೇಕು. ಬಚ್ಚಲುಮನೆಗೆ ನಾನು ಮಣ್ಣಿನ ಬ್ಲಾಕು ಹಾಕುವುದಿಲ್ಲ. ಅಲ್ಲಿ ಇಟ್ಟಿಗೆಯೇ.

ಹೊರಗೆ ಪ್ಲಾಸ್ಟರ್ ಬೇಡ, ಬಣ್ಣವೂ ಬೇಡ. ಉಳಿತಾಯ ಇರುವುದು ಇಲ್ಲೇ. ಬ್ಲಾಕಿನ ದರ ಮಾತ್ರ ನೋಡಿದರೆ ಇದು ಅಗ್ಗ ಅನಿಸುವುದಿಲ್ಲ.

ಇಟ್ಟಿಗೆಯ ಮೇಲೆ ನನಗೆ ಪ್ರೀತಿ ಇದೆ. ಮಾಲೂರಿನ ಇಟ್ಟಿಗೆಯಲ್ಲಿ ಮೊದಲ ಮನೆ ಕಟ್ಟಿದೆವು. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ಕಟ್ಟಣೆ ಇದೆ, ರ‍್ಯಾಟ್ ಟ್ರ್ಯಾಪ್ ಅನ್ನುತ್ತಾರೆ. ಕೇರಳದಲ್ಲಿ ಲಾರಿ ಬೇಕರ್ ಅದನ್ನು ಮನೆಮನೆಗೂ ತಲುಪಿಸಿದರು. ಅದರಲ್ಲಿ ಕಟ್ಟಿದರೆ ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ, ಮನೆ ತಣ್ಣಗಿರುತ್ತದೆ. ಆದರೆ ಸುಡುವುದಕ್ಕೆ ಹಿಡಿಯುವ ಶಕ್ತಿ ಜಾಸ್ತಿ. ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು 2003ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಒಂದು ಸುಟ್ಟ ಇಟ್ಟಿಗೆಗೆ 4.25 ಮೆಗಾಜೂಲ್, ಎರಡೂವರೆ ಇಟ್ಟಿಗೆಯಷ್ಟು ದೊಡ್ಡ ಮಣ್ಣಿನ ಬ್ಲಾಕಿಗೆ 2.6. ಅಂದರೆ ಅಷ್ಟೇ ಗೋಡೆಗೆ ಇಟ್ಟಿಗೆ ನಾಲ್ಕು ಪಟ್ಟು ಶಕ್ತಿ ಕೇಳುತ್ತದೆ. ಗೂಡಿನ ಕೆಲಸಕ್ಕೆ ಮುಂಗಡ ಕೊಟ್ಟು ಇಡೀ ಕುಟುಂಬವನ್ನೇ ಕರೆತರುವ ಪದ್ಧತಿಯೂ ನನಗೆ ಸರಿ ಕಾಣುವುದಿಲ್ಲ. ಈಗ ಇಟ್ಟಿಗೆ ತರಿಸುವ ಮುಂಚೆ ಗೂಡಿಗೆ ಹೋಗಿ ನೋಡಿಕೊಂಡೇ ಬರುತ್ತೇನೆ.

ಸಿಮೆಂಟ್ ಸಾಲಿಡ್ ಬ್ಲಾಕು ಗಟ್ಟಿ, ಎಲ್ಲ ಕಡೆ ಸಿಗುತ್ತದೆ, ಎಂಥ ಮೇಸ್ತ್ರಿಗೂ ಗೊತ್ತು. ಆರಿಂಚಿನದು 25 ಕೆಜಿ ತೂಗುತ್ತದೆ. ಅದನ್ನು ತಲೆಯ ಮೇಲೆ ಹೊತ್ತು ಮೊದಲ ಮಹಡಿಗೆ ಹತ್ತುವವರು ಹೆಂಗಸರು. ನಮ್ಮಲ್ಲಿ ಅದು ಈಗ ಕಾಂಪೌಂಡಿಗೆ ಮಾತ್ರ.

ನೀವೂ ಮಣ್ಣಿನ ಬ್ಲಾಕಿಗೇ ಬನ್ನಿ ಅಂತ ಎಲ್ಲರಿಗೂ ಹೇಳಲಾರೆ. ನಾನು ದಿನಾ ಬೆಳಿಗ್ಗೆ ಸೈಟಿಗೆ ಹೋಗುವವನು, ಅದು ನನ್ನ ಅಭ್ಯಾಸ. ನಮ್ಮ ಮನೆಗಳು ಒಂದು, ಎರಡು ಮಹಡಿಯವು. ಕಟ್ಟಿಸುವವರಿಗೆ ಒಂದೂವರೆ ತಿಂಗಳು ಮೊದಲೇ ಕೆಲಸ ಶುರು ಮಾಡಲು ಹೇಳುತ್ತೇವೆ, ಒಪ್ಪದಿದ್ದರೆ ಕೆಲಸವನ್ನೇ ಬಿಡುತ್ತೇವೆ. ಒಟ್ಟಿಗೆ ಹತ್ತು ಸೈಟು ನೋಡಿಕೊಳ್ಳುವವರಿಗೆ, ಫೋನಿನಲ್ಲೇ ಕೆಲಸ ನಡೆಸುವವರಿಗೆ ಇದು ಆಗುವುದಿಲ್ಲ. ಅಂಥವರು ಎಎಸಿ ಹಾಕಿದರೆ ಕಾಲಂ ಪಕ್ಕ ಜಾಲರಿ ಮರೆಯಬೇಡಿ, ಮೇಸ್ತ್ರಿಗೆ ಪೈಪು ಕೊಡುವ ಮುಂಚೆ ಹೇಳಿ.

ಮುಂದಿನ ಮನೆ ಗುಬ್ಬಿಯ ಹತ್ತಿರ ಒಂದು ಹಳ್ಳಿಯಲ್ಲಿ. ನಿನ್ನೆ ಪಾಯ ತೋಡಿದ ಮಣ್ಣನ್ನು ಬಾಟಲಿಗೆ ಹಾಕಿ ಕಿಟಕಿಯಲ್ಲಿ ಇಟ್ಟಿದ್ದೇನೆ. ಮೇಲಿನ ನೀರು ಇನ್ನೂ ಕೆಂಪಗೇ ಇದೆ, ಜೇಡಿ ಜಾಸ್ತಿ ಇರುವ ಹಾಗೆ ಕಾಣುತ್ತದೆ. ಎಷ್ಟು ಡಸ್ಟ್ ಬೇಕು ಅನ್ನುವುದು ಸಂಜೆಗೆ ಗೊತ್ತಾಗುತ್ತದೆ.